ಮೊದಲು ವೇಬ್ರಿಡ್ಜ್, ಆಮೇಲೆ ಯೆಲ್ಲೋಸ್ಟೋನ್

ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೇ ಮಲಗಿ ಉಣ್ಣಬಹುದಾದ ಟ್ರೇಲರ್ ಮಾರಿದವನು ನಮ್ಮ ಎಸ್‌ಯುವಿಯನ್ನು ಒಂದು ಸುತ್ತು ನೋಡಿ, "ಆರಾಮಾಗಿ ಎಳೆಯುತ್ತೆ, ಯೋಚನೆ ಬೇಡ" ಅಂದಿದ್ದ. ನಾನೂ ಯೋಚನೆ ಮಾಡಲಿಲ್ಲ. ಕಾರಿನ ಪುಸ್ತಕದಲ್ಲಿ 7,000 ಪೌಂಡ್ ಎಳೆಯಬಹುದು ಅಂತ ಇತ್ತು. ಟ್ರೇಲರ್‌ನ ಖಾಲಿ ತೂಕ 4,900. ಇನ್ನೇನು ಬೇಕು? ಮಕ್ಕಳಿಗೆ ಬೇಸಿಗೆ ರಜೆ ಶುರುವಾದ ಮೇಲೆ ಅಮೆರಿಕದ ಮಿನ್ನೆಸೋಟಾ ರಾಜ್ಯದಿಂದ ಹೊರಟು, ಸೌತ್ ಡಕೋಟಾ ದಾಟಿ, ನ್ಯಾಷನಲ್ ಪಾರ್ಕ್ ಆದ ಯೆಲ್ಲೋಸ್ಟೋನ್‌ವರೆಗೆ ಹೋಗಿ ಬರುವುದು ಅಂತ ತೀರ್ಮಾನವಾಯಿತು. ಎರಡು ವಾರ, ನಾವು ನಾಲ್ಕು ಜನ.

ಹೊರಡುವ ಹಿಂದಿನ ವಾರ ಆಫೀಸಿನಲ್ಲಿ ಒಬ್ಬರು, ವರ್ಷಗಳಿಂದ ಟ್ರೇಲರ್ ಎಳೆದು ಪಳಗಿದವರು, ಒಂದೇ ಪ್ರಶ್ನೆ ಕೇಳಿದರು: ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಕಾಣುವ ಸ್ಟಿಕರ್ ಓದಿದ್ದೀಯಾ? ಓದಿರಲಿಲ್ಲ. ಸಂಜೆ ಮನೆಗೆ ಬಂದು ಬಗ್ಗಿ ನೋಡಿದೆ. ಜನ ಮತ್ತು ಸಾಮಾನು ಎಲ್ಲಾ ಸೇರಿ 1,450 ಪೌಂಡ್ ಮೀರಬಾರದು ಅಂತ ಬರೆದಿತ್ತು. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಟ್ರೇಲರ್‌ನ ಮೂತಿ ಕಾರಿನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತಲ್ಲ, ಆ ಭಾರ ಕಾರು ಹೊರಬೇಕಾದ ಲೆಕ್ಕಕ್ಕೆ ಸೇರುತ್ತದೆ. ಮಾರಿದವನು ಇದನ್ನು ಬಾಯಿ ತಪ್ಪಿಯೂ ಹೇಳಿರಲಿಲ್ಲ.

ಮಾರನೆಯ ದಿನವೇ ಪ್ರವಾಸಕ್ಕೆ ಹೋಗುವ ಹಾಗೇ ಎಲ್ಲಾ ತುಂಬಿಸಿಕೊಂಡು, ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು, ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗೆ ಹೋದೆ. ಅಲ್ಲಿ ವೇಬ್ರಿಡ್ಜ್, ಅಂದರೆ ಲಾರಿಗಳನ್ನು ನಿಲ್ಲಿಸಿ ತೂಗುವ ತಕ್ಕಡಿ, ಇರುತ್ತದೆ. ಒಮ್ಮೆ ಟ್ರೇಲರ್ ಜೊತೆ ತೂಗಿದೆ, ಆಮೇಲೆ ಅದನ್ನು ಬಿಚ್ಚಿಟ್ಟು ಬರೀ ಕಾರು ತೂಗಿದೆ. ಎರಡು ಚೀಟಿ ಇಟ್ಟುಕೊಂಡು ಕೂಡಿ ಕಳೆದರೆ ಎಲ್ಲಾ ಗೊತ್ತಾಗುತ್ತದೆ. ಟ್ರೇಲರ್ ಒಟ್ಟು 6,100 ಪೌಂಡ್. ಅದರ ಮೂತಿಯ ಭಾರವೇ 820. ನಾವು ನಾಲ್ವರು 510. ಹಿಚ್ ಸಾಮಾನು 100. ಕಾರಿನ ಹಿಂದೆ ತುಂಬಿದ್ದು 290. ಕೂಡಿದರೆ 1,720! ಮಿತಿಗಿಂತ 270 ಪೌಂಡ್ ಜಾಸ್ತಿ. ನಮ್ಮ ಹಿಚ್ ಮೇಲೆ ಬರೆದಿದ್ದ 700 ಪೌಂಡಿನ ಮಿತಿಯೂ ದಾಟಿ ಹೋಗಿತ್ತು.

"ರೀ, ಹಾಗಾದ್ರೆ ಒಬ್ಬರನ್ನ ಮನೇಲಿ ಬಿಟ್ಟು ಹೋಗೋದಾ?" ಅಂದಳು ನನ್ನ ಹೆಂಡತಿ. ಏಳು ವರ್ಷದ ಮಗ ತಕ್ಷಣ ಅಕ್ಕನ ಕಡೆ ಕೈ ತೋರಿಸಿದ.

ಎಲ್ಲಕ್ಕಿಂತ ಜಾಸ್ತಿ ತೂಗಿದ್ದು ನೀರು. ಟ್ರೇಲರ್‌ನ ಕುಡಿಯುವ ನೀರಿನ ಟ್ಯಾಂಕ್ 40 ಗ್ಯಾಲನ್, ಮುಂಭಾಗದಲ್ಲಿದೆ. ಒಂದು ಗ್ಯಾಲನ್ ನೀರು ಎಂಟು ಪೌಂಡಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಸುಮ್ನೆ 330 ಪೌಂಡ್ ನೀರನ್ನು ನೂರಾರು ಮೈಲಿ ಹೊತ್ತುಕೊಂಡು ಹೋಗುವುದು. ನಾವು ಬುಕ್ ಮಾಡಿದ್ದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ನಲ್ಲಿ ಇತ್ತು. ಟ್ಯಾಂಕ್ ಖಾಲಿ ಮಾಡಿದೆ. ಟ್ರೇಲರ್ ಮುಂಭಾಗದ ಡಿಕ್ಕಿಯಲ್ಲಿದ್ದ ನೂರು ಪೌಂಡ್ ಸಾಮಾನು ಗ್ಯಾರೇಜಿಗೆ ವಾಪಸ್ ಹೋಯಿತು. ಅದರಲ್ಲಿ ಅರ್ಧ ಯಾಕೆ ತುಂಬಿಸಿದ್ದೆವು ಅಂತ ಇವತ್ತಿಗೂ ಗೊತ್ತಿಲ್ಲ. ಕಾರಿನ ಹಿಂದಿದ್ದ 230 ಪೌಂಡ್ ತೆಗೆದು ಟ್ರೇಲರ್ ಒಳಗೆ, ಚಕ್ರಗಳ ನೇರಕ್ಕೆ ಇಟ್ಟೆ.

ಹಾಗಾದರೆ ಎಲ್ಲಾ ಭಾರ ಟ್ರೇಲರ್‌ನ ಬಾಲಕ್ಕೆ ತಳ್ಳಿಬಿಡಬಹುದಲ್ವಾ ಅನಿಸುತ್ತದೆ. ಬೇಡ. ಮೂತಿಯ ಭಾರ ಟ್ರೇಲರ್ ತೂಕದ ಶೇಕಡಾ 10ರಿಂದ 15ರೊಳಗೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಹಿಂಬದಿ ಭಾರವಾಗಿ, ವೇಗ ಹೆಚ್ಚಿದಾಗ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಮತ್ತೆ ತೂಗಿದಾಗ ಟ್ರೇಲರ್ 5,900, ಮೂತಿ 640. ಕಾರಿನ ಮೇಲೆ ಒಟ್ಟು 1,310. ಆ ಚೀಟಿಯನ್ನು ಕಾರಿನ ಗ್ಲೋವ್ ಬಾಕ್ಸಿನಲ್ಲಿಟ್ಟೆ.

ರಿವರ್ಸ್ ಕಲಿಯಲು ಒಂದು ಭಾನುವಾರ ಪೂರ್ತಿ ಹೋಯಿತು. ಖಾಲಿ ಪಾರ್ಕಿಂಗ್ ಜಾಗದಲ್ಲಿ ಮಕ್ಕಳ ಶೂಗಳನ್ನು ಗುರುತಿಗೆ ಇಟ್ಟು ಅಭ್ಯಾಸ. ಮೂರು ಶೂ ಟೈರಿನಡಿ ಹೋದವು. ಉಪಯೋಗಕ್ಕೆ ಬಂದ ಉಪಾಯ ಒಂದೇ: ಸ್ಟಿಯರಿಂಗ್ ಚಕ್ರದ ಕೆಳಗಡೆ ಕೈ ಇಟ್ಟು ಹಿಡಿಯುವುದು. ಕೈ ಯಾವ ಕಡೆ ಹೋಗುತ್ತದೋ ಟ್ರೇಲರ್‌ನ ಹಿಂಬದಿ ಆ ಕಡೆಗೇ ಹೋಗುತ್ತದೆ. ಇನ್ನು ಹೊರಗೆ ನಿಂತು ದಾರಿ ಹೇಳುವವರು "ಎಡ, ಬಲ" ಅಂದರೆ ಜಗಳ ಗ್ಯಾರಂಟಿ. ಯಾರ ಎಡ? ನಾವು "ನಿಮ್ಮ ಸೀಟಿನ ಕಡೆ", "ನನ್ನ ಸೀಟಿನ ಕಡೆ" ಅಂತ ಮಾಡಿಕೊಂಡೆವು, ಅದೂ ಫೋನಿನಲ್ಲಿ. ಕನ್ನಡಿಯಲ್ಲಿ ಅವಳು ಕಾಣದೇ ಹೋದರೆ ನಾನು ನಿಲ್ಲಿಸಲೇಬೇಕು ಅನ್ನುವುದು ಅವಳ ಷರತ್ತು.

ಸೌತ್ ಡಕೋಟಾದಲ್ಲಿ ಐ-90 ಹೆದ್ದಾರಿಯ ವೇಗದ ಮಿತಿ 80 ಮೈಲಿ. ನಮ್ಮ ಟ್ರೇಲರ್ ಟೈರುಗಳು 65ಕ್ಕೆ ಮಾತ್ರ ಲಾಯಕ್ಕು. ನಾನು 62ರಲ್ಲಿ ಹೋಗುತ್ತಿದ್ದೆ. "ಅಪ್ಪ, ಎಲ್ಲರೂ ನಮ್ಮನ್ನ ದಾಟಿ ಹೋಗ್ತಿದಾರೆ" ಅಂತ ಮಗನ ಗೋಳು. ಮಿಸೌರಿ ನದಿ ಹತ್ತಿರ ಬರುವಾಗ ಪಕ್ಕದಿಂದ ಜೋರು ಗಾಳಿ ಎದ್ದಿತು. ಅದೇ ಹೊತ್ತಿಗೆ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿತು. ಮೊದಲು ಅದು ನಮ್ಮನ್ನು ಆಚೆ ನೂಕಿತು, ಮುಂದೆ ಹೋಗುತ್ತಾ ಒಳಗೆ ಎಳೆದುಕೊಂಡಿತು. ಕನ್ನಡಿಯಲ್ಲಿ ಟ್ರೇಲರ್‌ನ ಬಾಲ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಕಾಲು ತಾನಾಗಿ ಬ್ರೇಕ್ ಕಡೆ ಹೋಗುತ್ತದೆ. ಅದನ್ನು ತಡೆಯುವುದೇ ಕಷ್ಟ. ಕಾರಿನ ಬ್ರೇಕ್ ಒತ್ತಿದರೆ ಹಿಂದಿನಿಂದ ಟ್ರೇಲರ್ ತಳ್ಳುತ್ತದೆ, ಓಲಾಟ ಇನ್ನೂ ಹೆಚ್ಚುತ್ತದೆ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆದೆ. ಮೊಣಕಾಲಿನ ಹತ್ತಿರ ಟ್ರೇಲರ್ ಬ್ರೇಕಿನ ಡಬ್ಬಿ ಇದೆ. ಅದರ ಸಣ್ಣ ಪಟ್ಟಿಯನ್ನು ಬೆರಳಲ್ಲಿ ಒತ್ತಿದೆ. ಆಗ ಟ್ರೇಲರ್‌ನ ಚಕ್ರಗಳಿಗೆ ಮಾತ್ರ ಬ್ರೇಕ್ ಬೀಳುತ್ತದೆ. ಹಿಂದಿನಿಂದ ಯಾರೋ ಹಗ್ಗ ಹಿಡಿದು ಜಗ್ಗಿದ ಹಾಗೆ ಎಲ್ಲಾ ನೆಟ್ಟಗಾಯಿತು. ಮೂರು ನಾಲ್ಕು ಸೆಕೆಂಡಿನ ಮಾತು. ಅಂಗೈ ಬೆವರು ಒಣಗಲು ಮಾತ್ರ ಚೇಂಬರ್ಲೇನ್ ಊರು ಬರಬೇಕಾಯಿತು.

ಅಲ್ಲಿ ನಿಲ್ಲಿಸಿ ಒಳಗೆ ನೋಡಿದರೆ ಫ್ರಿಜ್ ಬಾಗಿಲು ತೆರೆದುಕೊಂಡು ಮೊಸರೆಲ್ಲಾ ನೆಲದ ಮೇಲೆ. ಬಾಗಿಲಿನ ಚಿಲಕ ಹಾಕಿರಲಿಲ್ಲ. ಆವತ್ತಿನಿಂದ ಮಗಳು ಹೊರಡುವ ಮೊದಲು ಪಟ್ಟಿ ಹಿಡಿದು ಕೂಗುತ್ತಿದ್ದಳು: ಹಿಚ್ ಪಿನ್? ಸರಪಳಿ? ಮೆಟ್ಟಿಲು? ಫ್ರಿಜ್? ಹನ್ನೊಂದು ವರ್ಷದವಳು, ಆದರೆ ನಾನು "ಆಯ್ತಮ್ಮ" ಅಂದರೆ ನಂಬುತ್ತಿರಲಿಲ್ಲ. ಬಂದು ಕೈಯಿಂದ ಮುಟ್ಟಿ ನೋಡುತ್ತಿದ್ದಳು.

ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಒಂದು ರಾತ್ರಿ, ಬ್ಲ್ಯಾಕ್ ಹಿಲ್ಸ್‌ನಲ್ಲಿ ಮೂರು. ಟ್ರೇಲರ್‌ನ ದೊಡ್ಡ ಸುಖ ಗೊತ್ತಾಗಿದ್ದು ಕಸ್ಟರ್ ಸ್ಟೇಟ್ ಪಾರ್ಕಿನಲ್ಲಿ. ಅದನ್ನು ಬಿಚ್ಚಿಟ್ಟು ಬರೀ ಕಾರಿನಲ್ಲಿ ನೀಡಲ್ಸ್ ಹೈವೇಗೆ ಹೋದೆವು. ಆ ರಸ್ತೆಯಲ್ಲಿ ಬಂಡೆ ಕೊರೆದ ಸುರಂಗವೊಂದರ ಅಗಲ ಸುಮಾರು ಎಂಟು ಅಡಿ. ನಮ್ಮ ಟ್ರೇಲರ್ ಅಗಲವೂ ಎಂಟು ಅಡಿ. ಕನ್ನಡಿ ಮಡಚಿಕೊಂಡು ಒಳಗೆ ನುಗ್ಗಿದಾಗ ಮಗ ಉಸಿರು ಬಿಗಿಹಿಡಿದು ಕೂತಿದ್ದ, ಅದರಿಂದ ಕಾರು ಸಣ್ಣದಾಗುತ್ತದೆ ಅನ್ನುವ ಹಾಗೆ.

ವಯೋಮಿಂಗ್‌ನ ಬಿಗ್‌ಹಾರ್ನ್ ಬೆಟ್ಟ ದಾಟಲು ಮೂರು ದಾರಿ ಇವೆ: 14, 14ಎ ಮತ್ತು 16. ಮ್ಯಾಪ್‌ನಲ್ಲಿ ಹತ್ತಿರ ಕಂಡಿತು ಅಂತ 14ಎ ಹಿಡಿಯಬೇಡಿ, ಅಲ್ಲಿ ಇಳಿಜಾರು ಶೇಕಡಾ 10. ನಾವು ಬಫಲೋ ಊರಿನಿಂದ 16 ಹಿಡಿದೆವು. ಆ ದಾರಿಯೂ 9,666 ಅಡಿ ಎತ್ತರದ ಪೌಡರ್ ರಿವರ್ ಪಾಸ್ ಹತ್ತುತ್ತದೆ, ಆದರೆ ಏರು ನಿಧಾನ. ಟರ್ಬೊ ಇಲ್ಲದ ಇಂಜಿನ್ ಸಾವಿರ ಅಡಿ ಏರಿದರೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮೇಲೆ ಹೋಗುವಷ್ಟರಲ್ಲಿ ನಮ್ಮದು ಏದುಸಿರು ಬಿಡುತ್ತಿತ್ತು, ವೇಗ 35. ಹಿಂದೆ ಸಾಲುಗಟ್ಟಿದ ಕಾರುಗಳಿಗೆ ಜಾಗ ಸಿಕ್ಕಲ್ಲೆಲ್ಲಾ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಟೆನ್ ಸ್ಲೀಪ್ ಕಡೆ ಇಳಿಯುವಾಗ ಎರಡನೇ ಗೇರ್. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡಬೇಕು. ಅರ್ಧ ದಾರಿಯಲ್ಲಿ ನಿಲ್ಲಿಸಿ ಚಕ್ರಗಳ ಹತ್ತಿರ ಕೈ ಹಿಡಿದೆ. ಬಿಸಿ ಇತ್ತು, ಸುಟ್ಟ ವಾಸನೆ ಇರಲಿಲ್ಲ.

ಯೆಲ್ಲೋಸ್ಟೋನ್ ಒಳಗೆ ನೀರು, ಕರೆಂಟ್, ಕೊಳೆನೀರಿನ ಪೈಪ್ ಮೂರೂ ಇರುವ ಕ್ಯಾಂಪ್‌ಗ್ರೌಂಡ್ ಒಂದೇ, ಫಿಶಿಂಗ್ ಬ್ರಿಡ್ಜ್. ಗ್ರಿಜ್ಲಿ ಕರಡಿಗಳ ಓಡಾಟ ಇರುವುದರಿಂದ ಅಲ್ಲಿ ಟೆಂಟ್ ಹಾಕುವಂತಿಲ್ಲ, ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಜಾಗ. ಎರಡನೇ ಪ್ರಯತ್ನದಲ್ಲಿ ಟ್ರೇಲರ್ ಒಳಗೆ ಹೋಯಿತು. ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ಕೆಲಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗ್ಲೌಸ್ ಹಾಕಿಕೊಳ್ಳಿ. ಮೊದಲು ಟಾಯ್ಲೆಟ್ ಟ್ಯಾಂಕ್, ಆಮೇಲೆ ಸ್ನಾನ ಮತ್ತು ಪಾತ್ರೆ ತೊಳೆದ ನೀರು. ಆಗ ಆ ಸೋಪಿನ ನೀರೇ ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ವಾಪಸ್ ಬರುವಾಗ ಕುತೂಹಲಕ್ಕೆ ಇನ್ನೊಮ್ಮೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಟ್ಯಾಂಕ್‌ಗಳೆಲ್ಲಾ ಖಾಲಿ, ತಂದ ದಿನಸಿ ಮುಗಿದಿತ್ತು. ಆದರೂ 5,960. ಅರವತ್ತು ಪೌಂಡ್ ಜಾಸ್ತಿ! ಮಗ ಕಿಟಕಿ ಕಡೆ ಮುಖ ತಿರುಗಿಸಿದ. ಅವನ ಹಾಸಿಗೆ ಅಡಿ ಎರಡು ಬಕೆಟ್ ಕಲ್ಲು. ನ್ಯಾಷನಲ್ ಪಾರ್ಕಿನಿಂದ ಒಂದು ಕಲ್ಲನ್ನೂ ತರುವಂತಿಲ್ಲ ಅಂತ ಮೊದಲೇ ಹೇಳಿದ್ದೆ. "ಅಲ್ಲಿದಲ್ಲ ಅಪ್ಪ, ದಾರೀಲಿ ಉಳ್ಕೊಂಡ ಕಡೆ ಹಳ್ಳ ಇತ್ತಲ್ಲ, ಅಲ್ಲಿದು" ಅಂದ. ಮಗಳು ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದಳು: ತಮ್ಮನ ಹಾಸಿಗೆ ಅಡಿ?