ಮನೆಯಲ್ಲಿ ಬಸುರಿ ಇದ್ದರೆ ಹಗಲು ಸೊಳ್ಳೆ ಮೇಲೆ ಕಣ್ಣಿಡಿ

ಶಿರಸಿ ಕಡೆ ನಮ್ಮ ಮನೆ ಹಿಂದೆಯೇ ಅಡಿಕೆ ತೋಟ. ಮಳೆಗಾಲದಲ್ಲಿ ತಂಗಿ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ತೋಟದಲ್ಲಿ ಬಿದ್ದಿದ್ದ ಒಂದು ಅಡಿಕೆ ಹಾಳೆ ಎತ್ತಿದೆ. ಒಂದು ಬೊಗಸೆ ನೀರೂ ಇರಲಿಲ್ಲ, ಅದರಲ್ಲೇ ಹತ್ತಿಪ್ಪತ್ತು ಸೊಳ್ಳೆ ಮರಿಹುಳ ಮೈ ಕೊಂಕಿಸುತ್ತ ಮೇಲೆ ಕೆಳಗೆ ಓಡಾಡುತ್ತಿದ್ದವು. ಹಗಲು ಕಚ್ಚುವ ಈಡಿಸ್ ಸೊಳ್ಳೆಗೆ ಮರಿ ಮಾಡಲು ಅಷ್ಟು ನೀರು ಸಾಕು.

ಡೆಂಗಿ, ಚಿಕೂನ್‌ಗುನ್ಯಾ, ಝಿಕಾ ಮೂರನ್ನೂ ಹರಡೋದು ಈ ಬಿಳಿ ಪಟ್ಟೆ ಸೊಳ್ಳೆಯೇ. ಕಚ್ಚೋದು ಹಗಲು, ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಜಾಸ್ತಿ. ಹಾಗಾಗಿ ಬಸುರಿ ಮಧ್ಯಾಹ್ನ ಮಲಗಿದಾಗಲೂ ಪರದೆ ಕಟ್ಟಿ, ಉದ್ದ ತೋಳಿನ ಬಟ್ಟೆ ಕೊಡಿ. ಡೀಟ್ ಅನ್ನೋ ಸೊಳ್ಳೆ ಓಡಿಸುವ ಔಷಧ ಇರುವ ಕ್ರೀಮನ್ನು ಡಬ್ಬಿ ಮೇಲೆ ಬರೆದಂತೆ ಹಚ್ಚಿದರೆ ಬಸುರಿಯರಿಗೂ ತೊಂದರೆ ಇಲ್ಲ.

ಮೊಟ್ಟೆಯಿಂದ ಸೊಳ್ಳೆ ಆಗಲು ಸುಮಾರು 7ರಿಂದ 10 ದಿನ. ಅದಕ್ಕೇ ವಾರಕ್ಕೊಮ್ಮೆ ಮನೆ ಸುತ್ತ ಒಂದು ಸುತ್ತು ಹಾಕಿ. ಹಾಳೆ, ತೆಂಗಿನ ಕರಟ, ಹಳೇ ಟೈರು, ಫ್ರಿಜ್ ಹಿಂದಿನ ತಟ್ಟೆ, ಕಾರವಾರದ ಕಡೆಯಾದರೆ ದೋಣಿಗೆ ಹೊದಿಸಿದ ಟಾರ್ಪಾಲಿನ ಗುಳಿ, ಎಲ್ಲ ನೋಡಿ. ಡ್ರಮ್ಮಿನ ನೀರು ಸುಮ್ನೆ ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಿ ತೊಳೆಯಬೇಕು. ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಜ್ವರ ಬಂತಾ? ಕಷಾಯ ಕುಡಿಸಿ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ, ಎಷ್ಟನೇ ತಿಂಗಳು ಅಂತ ಮೊದಲೇ ಹೇಳಿ, ತಾಯಿ ಕಾರ್ಡ್ ಒಯ್ಯಿರಿ. ಡೆಂಗಿಗೆ ಮೊದಲ ಐದು ದಿನದಲ್ಲಿ ಎನ್‌ಎಸ್‌1 ರಕ್ತ ಪರೀಕ್ಷೆ ಮಾಡಿಸುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ಡಾಕ್ಟರು ಹೇಳಿದಷ್ಟೇ. ಐಬುಪ್ರೊಫೆನ್, ಆಸ್ಪಿರಿನ್ ನೀವಾಗಿ ಕೊಡಲೇಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಬೇರೆ ಕಾರಣಕ್ಕೆ ಡಾಕ್ಟರು ಮೊದಲೇ ಆಸ್ಪಿರಿನ್ ಬರೆದಿದ್ದರೆ ಅವರನ್ನೇ ಕೇಳಿ. ಪಪ್ಪಾಯಿ ಎಲೆ ರಸ ಬಸುರಿಗೆ ಬೇಡ, ಯಾರು ಎಷ್ಟೇ ಹೇಳಲಿ.

ಜ್ವರ ಇಳಿಯಿತು ಅಂತ ನಿರಾಳ ಆಗೋದೇ ದೊಡ್ಡ ತಪ್ಪು. ಡೆಂಗಿ ಬಿಗಡಾಯಿಸೋದು ಹೆಚ್ಚಾಗಿ ಆಗಲೇ. ಹೊಟ್ಟೆ ತೀರಾ ನೋವು, ನಿಲ್ಲದ ವಾಂತಿ, ವಸಡಲ್ಲಿ ಅಥವಾ ಕೆಳಗೆ ರಕ್ತ, ಕೈಕಾಲು ತಣ್ಣಗಾಗೋದು, ಮಗುವಿನ ಮಿಸುಕಾಟ ಕಡಿಮೆ, ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಘಟ್ಟದ ದಾರಿ, ಮಳೆ ಬೇರೆ, ಹೊತ್ತು ಹಿಡಿಯುತ್ತದೆ ಅಲ್ವಾ? ಹೆರಿಗೆ ಹೊತ್ತಿಗೆ ಜ್ವರ ಇದ್ದರೆ ಡೆಂಗಿ, ಚಿಕೂನ್‌ಗುನ್ಯಾ ಕೂಸಿಗೂ ದಾಟಬಹುದು, ಹುಟ್ಟಿದ ಮೇಲೂ ಕೆಲ ದಿನ ಕೂಸನ್ನು ಡಾಕ್ಟರು ನೋಡುತ್ತಿರಬೇಕು.

ಝಿಕಾ ವಿಷಯ ಗಂಡಂದಿರಿಗೂ ಗೊತ್ತಿರಲಿ. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೇ ಅದು ಪೆಟ್ಟು ಕೊಡಬಹುದು, ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಝಿಕಾ ಇರುವ ಊರಿಂದ ಬಂದಿದ್ದರೆ ಹೆರಿಗೆ ಆಗುವವರೆಗೂ ಕಾಂಡೋಮ್ ಬಳಸಿ.