ನೀಲಿ ಬಿಟ್ಟು ಹಸಿರಿಗೆ ಬಂದೆ: ಸೆಂಟಿನೆಲ್ ನೋಡ್ ಹುಡುಕಿದ ನನ್ನ ಅನುಭವ

ಗರ್ಭಕೋಶದ ಒಳಪದರದ ಕ್ಯಾನ್ಸರ್‌ ಆಪರೇಷನ್‌ಗಳಲ್ಲಿ ನಾನು ಸೆಂಟಿನೆಲ್ ನೋಡ್ ಹುಡುಕಲು ಶುರು ಮಾಡಿದ್ದು ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ, ಮಾಮೂಲಿ ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಆಪರೇಷನ್). ಸೆಂಟಿನೆಲ್ ನೋಡ್ ಅಂದರೆ ಕ್ಯಾನ್ಸರ್ ಹರಡುವುದಾದರೆ ಮೊದಲು ಮುಟ್ಟುವ ದುಗ್ಧಗ್ರಂಥಿ. ಅದನ್ನೇ ತೆಗೆದು ನೋಡಿದರೆ ಉಳಿದವನ್ನೆಲ್ಲ ಕೀಳಬೇಕಿಲ್ಲ, ಕಾಲು ಊದಿಕೊಳ್ಳುವ ಕಷ್ಟವೂ ಕಡಿಮೆ.

ನೀಲಿ ಬಣ್ಣ ನನ್ನನ್ನು ತುಂಬಾ ಕಾಡಿತು. ಒಂದು ಸಣ್ಣ ದುಗ್ಧನಾಳ ಕತ್ತರಿಸಿದರೆ ಸಾಕು, ಸುತ್ತಮುತ್ತ ಎಲ್ಲಾ ನೀಲಿ. ದಪ್ಪ ಇರುವವರಲ್ಲಿ ಕೊಬ್ಬಿನೊಳಗೆ ಗ್ರಂಥಿ ಕಾಣುವುದೇ ಇಲ್ಲ, ಈ ಕ್ಯಾನ್ಸರ್ ಬರುವುದೂ ಅವರಲ್ಲೇ ಜಾಸ್ತಿ ಅಲ್ವಾ. ಜೊತೆಗೆ ಬಣ್ಣ ರಕ್ತಕ್ಕೆ ಸೇರಿದಾಗ ಬೆರಳಿನ ಆಕ್ಸಿಜನ್ ಮೀಟರ್ ಸುಮ್ನೆ ಕೆಳಗಿಳಿಯುತ್ತದೆ. ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿಡಬೇಕು.

ಆಮೇಲೆ ಐಸಿಜಿಗೆ (ಇಂಡೋಸಯನೀನ್ ಗ್ರೀನ್ ಎಂಬ ಹಸಿರು ಬಣ್ಣ) ಬಂದೆ. 25 ಮಿ.ಗ್ರಾಂ ಪುಡಿಯನ್ನು 20 ಮಿ.ಲೀ. ಸ್ಟೆರೈಲ್ ನೀರಲ್ಲಿ ಕರಗಿಸಿ, ಗರ್ಭಕೋಶದ ಕೊರಳಿಗೆ ಗಡಿಯಾರದ 3 ಮತ್ತು 9 ಗಂಟೆಯ ಜಾಗದಲ್ಲಿ ಕೊಡುತ್ತೇನೆ. ಸ್ವಲ್ಪ ಮೇಲೆ, ಸ್ವಲ್ಪ 1 ಸೆಂ.ಮೀ. ಆಳಕ್ಕೆ, ಒಟ್ಟು 4 ಮಿ.ಲೀ. ಅಯೋಡಿನ್ ಅಲರ್ಜಿ ಇದೆಯಾ ಅಂತ ಮೊದಲೇ ಕೇಳುತ್ತೇನೆ. ಈ ಬಣ್ಣವನ್ನು ಹೊಳೆಯುವಂತೆ ತೋರಿಸುವ ನಿಯರ್ ಇನ್ಫ್ರಾರೆಡ್ ಕ್ಯಾಮೆರಾ ಹಾಕಿದ ಕೂಡಲೇ, ಪೊರೆ ಬಿಡಿಸುವ ಮೊದಲೇ, ಹಸಿರು ನಾಳ ಎಲ್ಲಿಗೆ ಹೋಗುತ್ತಿದೆ ಅಂತ ಕಾಣುತ್ತದೆ. ಕಾಲಿನ ಕಡೆಗೆ ಹೋಗುವ ದೊಡ್ಡ ರಕ್ತನಾಳದ (ಹೊರ ಇಲಿಯಾಕ್) ಒಳಮಗ್ಗುಲಲ್ಲಿ ಗ್ರಂಥಿ ಹೊಳೆಯುತ್ತಿರುತ್ತದೆ.

ಒಮ್ಮೆ ಅವಸರದಲ್ಲಿ ಬೇಗ ಬೇಗ ಚುಚ್ಚಿದೆ. ಔಷಧ ಹೊರಗೆ ಸೋರಿತು, ಬಲಗಡೆ ಮಾತ್ರ ಹೊಳೆಯಿತು. ಎಡಗಡೆ ಮತ್ತೆ ನಿಧಾನವಾಗಿ ಕೊಟ್ಟು ಕಾದೆ, ಆಗ ಕಾಣಿಸಿತು. ಆಗಲೂ ಕಾಣಿಸದಿದ್ದರೆ ಆ ಬದಿಯ ಗ್ರಂಥಿಗಳನ್ನೆಲ್ಲ ತೆಗೆಯಲೇಬೇಕಿತ್ತು. ಇದೇ ಕ್ಯಾನ್ಸರಿನಲ್ಲಿ ಐಸಿಜಿ ಹಾಕಿ ನೋಡಿದ 2017ರ ಫೈರ್ಸ್ ಅಧ್ಯಯನದಲ್ಲೂ, ನೋಡ್ ಸಿಕ್ಕಿದವರಲ್ಲಿ ಹರಡಿದ್ದ ಕ್ಯಾನ್ಸರನ್ನು ಈ ವಿಧಾನ ಶೇ. 97ರಷ್ಟು ಹಿಡಿದರೂ, ಎರಡೂ ಬದಿ ಸಿಕ್ಕಿದ್ದು ಶೇ. 52 ಮಂದಿಯಲ್ಲಿ ಮಾತ್ರ. ಅದಕ್ಕೇ ಎರಡನೇ ಸಲ ಚುಚ್ಚಲು ನಾನು ಬೇಸರಪಡುವುದಿಲ್ಲ.

ರೋಬೋಟ್‌ನಲ್ಲೂ ಇದನ್ನೇ ಮಾಡಿದ್ದೇನೆ. ತುಂಬಾ ದಪ್ಪ ಇರುವವರಲ್ಲಿ ಕೈಗೆ ಅದು ಹಗುರ, ಸಲಕರಣೆ ಮಣಿಕಟ್ಟಿನ ಹಾಗೆ ತಿರುಗುತ್ತದೆ. ಆದರೆ ಗ್ರಂಥಿ ಸಿಗುವುದರಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಜೇಬಿನಿಂದ ದುಡ್ಡು ಹಾಕುವ ಕುಟುಂಬಕ್ಕೆ ಒಳ್ಳೆ ಕ್ಯಾಮೆರಾ ಇರುವ ಲ್ಯಾಪರೋಸ್ಕೋಪಿಯೇ ಸಾಕು ಅನ್ನುತ್ತೇನೆ. ಇದು ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಹೇಳುವ ಮಾತಲ್ಲ. ಅಲ್ಲಿ ಸಣ್ಣ ತೂತಿನ ಆಪರೇಷನ್ ಆದವರಲ್ಲಿ ಕ್ಯಾನ್ಸರ್ ಹೆಚ್ಚು ಮರಳಿತು ಎಂದು ತೋರಿಸಿದ 2018ರ ಲ್ಯಾಕ್ ಅಧ್ಯಯನದ ನಂತರ ದೊಡ್ಡ ಆಪರೇಷನ್ನನ್ನು ನಾನು ಹೊಟ್ಟೆ ತೆರೆದೇ ಮಾಡುತ್ತೇನೆ.

ತೆಗೆದ ಗ್ರಂಥಿಯ ಡಬ್ಬಿಯ ಮೇಲೆ 'ಸೆಂಟಿನೆಲ್' ಅಂತ ನಾನೇ ಬರೆಯುತ್ತೇನೆ. ಪೆಥಾಲಜಿಯವರು ತೆಳುವಾಗಿ ಹಲವು ಹೋಳು ಮಾಡಿ ನೋಡಿದರೆ ಮಾತ್ರ ಒಳಗಿನ ನಾಲ್ಕಾರು ಕ್ಯಾನ್ಸರ್ ಕಣಗಳೂ ಸಿಗುತ್ತವೆ.