ವಿಡಿಯೊ ಲಿಂಕ್ ಕಳಿಸುವ ಮುಂಚೆ ನಾನು ನೋಡುವುದು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳ ವಾಟ್ಸಾಪ್ ಗುಂಪಿಗೆ ಯೂಟ್ಯೂಬ್ ಲಿಂಕ್ ಮಾತ್ರ ಹಾಕುತ್ತೇನೆ, ವಿಡಿಯೊ ಇಳಿಸಿ ಫೈಲ್ ಕಳಿಸುವುದಿಲ್ಲ. ಲಿಂಕ್ ಕೊಟ್ಟರೆ ಮಕ್ಕಳು ವಿಡಿಯೊ ಮಾಡಿದವರ ಚಾನೆಲ್‌ನಲ್ಲೇ ನೋಡುತ್ತಾರೆ, ಅವರು ಅದನ್ನು ತೆಗೆದರೆ ನಮಗೂ ಸಿಗುವುದಿಲ್ಲ, ಅದು ಅವರ ಹಕ್ಕು. ಫೈಲ್ ಹಾಗಲ್ಲ. ಒಮ್ಮೆ ಗುಂಪಿಗೆ ಬಿದ್ದರೆ ಫಾರ್ವರ್ಡ್ ಆಗುತ್ತಾ ಎಲ್ಲೆಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಾಗುವುದಿಲ್ಲ.

"ಪಾಠಕ್ಕೆ ತಾನೇ ಮೇಡಂ, ಏನೂ ಆಗಲ್ಲ" ಅಂತ ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಅದು ಅರ್ಧ ನಿಜ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಶಿಕ್ಷಕರಿಗೆ ಜಾಗ ಬಿಟ್ಟಿದೆ. ಪಾಠದ ಭಾಗವಾಗಿ ಪ್ರತಿ ಮಾಡಬಹುದು, ಶಾಲೆಯ ಸಿಬ್ಬಂದಿ, ಮಕ್ಕಳು, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರಷ್ಟೇ ಇದ್ದರೆ ಸಿನಿಮಾ ತೋರಿಸಬಹುದು. 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಕೇಸಿನಲ್ಲಿ ಹೈಕೋರ್ಟ್ ಪಾಠಕ್ಕಾಗಿ ಪ್ರತಿ ಮಾಡುವ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಮಾತಿದ್ದದ್ದು ಪಠ್ಯಕ್ಕೆ ಬೇಕಾದ ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡುವ ಬಗ್ಗೆ. ಬೇರೆಯವರ ವಿಡಿಯೊವನ್ನು ನಮ್ಮ ಚಾನೆಲ್‌ಗೆ ಏರಿಸಿ ಊರಿಗೆಲ್ಲ ತೋರಿಸಲು ಅದು ಪರವಾನಗಿ ಅಂತ ನಾನಂತೂ ಅಂದುಕೊಳ್ಳುವುದಿಲ್ಲ.

ಲಿಂಕನ್ನೂ ಕಣ್ಣುಮುಚ್ಚಿ ಕೊಡುವ ಹಾಗಿಲ್ಲ. ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಗ್ರಹಣದ ಬಗ್ಗೆ ಚಂದದ ಸಾಕ್ಷ್ಯಚಿತ್ರ ಸಿಕ್ಕಿತು ಅನ್ನಿ, ಚಾನೆಲ್ ಹೆಸರು ಒತ್ತಿ ಉಳಿದ ವಿಡಿಯೊಗಳನ್ನು ನೋಡುತ್ತೇನೆ. ಅಲ್ಲಿ ಸೀರಿಯಲ್ ತುಣುಕು, ಅಡುಗೆ, ಕ್ರಿಕೆಟ್ ಎಲ್ಲ ಒಟ್ಟಿಗೇ ಇದ್ದರೆ, ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದ್ದರೆ, ಮೂಲ ಲೋಗೊ ಮೇಲೆ ಇನ್ನೊಂದು ಲೋಗೊ ಕೂತಿದ್ದರೆ, ಯಾರದ್ದೋ ಕೆಲಸ ಎತ್ತಿ ಹಾಕಿರುವ ಸಾಧ್ಯತೆ ಜಾಸ್ತಿ. ಆಗ ಮೂಲ ಚಾನೆಲ್ ಹುಡುಕುತ್ತೇನೆ, ಸಿಗದಿದ್ದರೆ ಬಿಟ್ಟುಬಿಡುತ್ತೇನೆ. ಕದ್ದದ್ದು ಅಂತ ಗೊತ್ತಿದ್ದೂ ಮಕ್ಕಳನ್ನು ಅಲ್ಲಿಗೆ ಕಳಿಸುವುದು ಶಿಕ್ಷಕಿಯಾಗಿ ನನಗೆ ಸರಿ ಕಾಣುವುದಿಲ್ಲ. ಕಾನೂನಿಗಿಂತ ಮುಂಚೆ ಅದು, ಅಲ್ವಾ?

ಡೇಟಾ ಇಲ್ಲದ ಮಕ್ಕಳ ಕಷ್ಟ ನಿಜವಾದದ್ದು. ಅವರಿಗಾಗಿ ಶಾಲೆಯ ಪ್ರೊಜೆಕ್ಟರ್‌ನಲ್ಲೇ ತೋರಿಸುತ್ತೇನೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ತೆರೆಯುವ ಪಾಠಗಳನ್ನು ಇಳಿಸಿಟ್ಟುಕೊಳ್ಳಬಹುದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET), ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಮಾಡುವ ವಿಜ್ಞಾನ ಪ್ರಯೋಗಗಳು, ಕನ್ನಡದಲ್ಲೂ ಇವೆ, ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಯೂಟ್ಯೂಬ್ ಹುಡುಕಾಟದ ಫಿಲ್ಟರ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಆರಿಸಿದರೆ, ಹೆಸರು ಹೇಳಿ ಮರುಬಳಕೆ ಮಾಡಬಹುದಾದ ವಿಡಿಯೊಗಳು ಸಿಗುತ್ತವೆ.

ಫೈಲೇ ಬೇಕು ಅನ್ನಿಸಿದಾಗ ಚಾನೆಲ್‌ನವರಿಗೆ ಇಮೇಲ್ ಬರೆದು ಕೇಳುತ್ತೇನೆ. ಯಾವ ತರಗತಿ, ಯಾವ ಪಾಠ, ಎಲ್ಲಿ ತೋರಿಸುತ್ತೇವೆ ಅಂತ ಸ್ಪಷ್ಟವಾಗಿ ಬರೆದರೆ ಸುಮಾರು ಜನ ಖುಷಿಯಿಂದಲೇ ಒಪ್ಪುತ್ತಾರೆ.